ಬಿಷಪ್ ಹಿಲ್: ಮೊದಲು ಮೆಟ್ಟಿಲು ಹತ್ತಿ, ಚಿತ್ರಗಳನ್ನು ಕೊನೆಗೆ ನೋಡಿ

ಅಮೆರಿಕದ ಇಲಿನಾಯ್ ರಾಜ್ಯದ ಮೊಲೀನ್‌ಗೆ ಬಂದು ಆರು ವರ್ಷ ಆಯಿತು. ಸ್ವೀಡನ್ನಿನಿಂದ ಬಂದವರು ಕಟ್ಟಿದ ಹಳೇ ಹಳ್ಳಿ ಬಿಷಪ್ ಹಿಲ್ ಇಲ್ಲಿಂದ ಒಂದು ಗಂಟೆಯೊಳಗಿನ ದಾರಿ. ಆದರೂ ಹೋಗಿರಲಿಲ್ಲ. ಊರಿಂದ ಯಾರು ಬಂದರೂ ನಾವು ಮಾಡುವುದು ಒಂದೇ ಅಲ್ವಾ: ಶಿಕಾಗೋಗೆ ಕರೆದುಕೊಂಡು ಹೋಗಿ, ಆ ಹೊಳೆಯುವ 'ಬೀನ್' ಶಿಲ್ಪದ ಮುಂದೆ ನಿಲ್ಲಿಸಿ ಫೋಟೋ ತೆಗೆದು, ರಾತ್ರಿ ಸುಸ್ತಾಗಿ ವಾಪಸ್ ಬರುವುದು. ಈ ಸಲ ಅವ್ವ ಬಂದಿದ್ದರು, ಮಳವಳ್ಳಿ ಕಡೆಯಿಂದ. ಶಿಕಾಗೋ ನೋಡಿ ಬಂದ ಮಾರನೇ ದಿನವೇ, "ಎತ್ರದ ಬಿಲ್ಡಿಂಗು ಸಾಕು ಕಣಪ್ಪ, ಯಾವ್ದಾರ ಹಳ್ಳಿ ಇದ್ರೆ ತೋರ್ಸು" ಅಂದರು. ಸರಿ ಅಂತ ಹೊರಟೆವು.

ಮೊದಲನೇ ಸಲ ಹೋದಾಗ ಬಾಗಿಲು ಹಾಕಿತ್ತು. ತಪ್ಪು ನನ್ನದೇ. ವಾರದ ಶುರುವಿನಲ್ಲಿ ಹೋಗಿದ್ದೆ, ಫೋನ್ ಮಾಡಿ ಕೇಳಿರಲಿಲ್ಲ. ಇಂಥ ಸಣ್ಣ ಊರಿನಲ್ಲಿ ಎಲ್ಲ ದಿನವೂ ಎಲ್ಲ ತೆರೆದಿರುತ್ತದೆ ಅಂದುಕೊಳ್ಳಬೇಡಿ. ಹೊರಡುವ ಮುಂಚೆ ಕೇಳಿಕೊಳ್ಳಿ, ಚಳಿಗಾಲದಲ್ಲಂತೂ ಖಂಡಿತ ಕೇಳಿ. ಎರಡನೇ ಸಲ ಶನಿವಾರ ಹೋದೆವು, ಎಲ್ಲ ನೋಡಿದೆವು, ಈಗ ಬರೆಯುತ್ತಿದ್ದೇನೆ.

ಮ್ಯೂಸಿಯಂ ಅಂದ ತಕ್ಷಣ ಒಂದು ಕಟ್ಟಡ, ಒಂದು ಟಿಕೆಟ್ ಕೌಂಟರ್, ಗಾಜಿನ ಪೆಟ್ಟಿಗೆಗಳು ಅಂತ ಕಲ್ಪಿಸಿಕೊಂಡು ಹೋದರೆ ಗಲಿಬಿಲಿ ಆಗುತ್ತದೆ. ಇಲ್ಲಿ ಊರೇ ಮ್ಯೂಸಿಯಂ. ಇಲಿನಾಯ್‌ನ ಹೆನ್ರಿ ಕೌಂಟಿಯಲ್ಲಿ, ಜೋಳದ ಹೊಲಗಳ ನಡುವೆ, ನೂರಿಪ್ಪತ್ತು ಜನರ ಆಸುಪಾಸು ಇರುವ ಒಂದು ಹಳ್ಳಿ. ಮಧ್ಯೆ ಒಂದು ಪಾರ್ಕು, ಸುತ್ತ 1840-50ರ ದಶಕದ ಕಟ್ಟಡಗಳು. ಕೆಲವನ್ನು ರಾಜ್ಯ ಸರ್ಕಾರ ನೋಡಿಕೊಳ್ಳುತ್ತದೆ, ಕೆಲವನ್ನು ಊರಿನ ಪರಂಪರೆ ಸಂಘ, ಉಳಿದವು ಜನರ ಮನೆ, ಅಂಗಡಿ. ಯಾವುದು ಮ್ಯೂಸಿಯಂ, ಯಾವುದು ಯಾರದೋ ಮನೆ ಅಂತ ಮೊದಲು ಗೊತ್ತಾಗುವುದಿಲ್ಲ. ಅವ್ವ ಒಂದು ಮನೆಯ ಜಗಲಿಯ ಮೇಲೆ ಆರಾಮಾಗಿ ಕೂತೇಬಿಟ್ಟಿದ್ದರು. ಆ ಮನೆಯವರು ಹೊರಗೆ ಬಂದು ನಕ್ಕು, ಕೂತ್ಕೊಳ್ಳಿ ಪರವಾಗಿಲ್ಲ ಅಂದರು. ಅಂಥ ಊರು.

ಕಥೆ ಗೊತ್ತಿಲ್ಲದೆ ಹೋದರೆ ಹಳೇ ಗೋಡೆ ಬಿಟ್ಟು ಏನೂ ಕಾಣುವುದಿಲ್ಲ, ಹಾಗಾಗಿ ಸ್ವಲ್ಪ ಹೇಳಿಬಿಡುತ್ತೇನೆ.

ಎರಿಕ್ ಯಾನ್ಸನ್ ಅಂತ ಒಬ್ಬ ರೈತ. 1808ರಲ್ಲಿ ಸ್ವೀಡನ್ನಿನ ಬಿಸ್ಕೊಪ್ಸ್‌ಕುಲ್ಲ ಎಂಬ ಊರಿನಲ್ಲಿ ಹುಟ್ಟಿದವನು. ಆ ಹೆಸರಿನ ಇಂಗ್ಲಿಷ್ ಅನುವಾದವೇ ಬಿಷಪ್ ಹಿಲ್. ಗೋಧಿ ಹಿಟ್ಟು ಮಾರಲು ಉತ್ತರದ ಹೆಲ್ಸಿಂಗ್‌ಲ್ಯಾಂಡ್ ಕಡೆಗೆ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದ, ಹಿಟ್ಟಿನ ಜೊತೆ ಉಪದೇಶವನ್ನೂ ಕೊಡುತ್ತಿದ್ದ. ಆ ಕಡೆ ಆಗಲೇ 'ಓದುಗರು' ಅಂತ ಒಂದು ಗುಂಪಿತ್ತು, ಚರ್ಚಿನ ಪಾದ್ರಿಯನ್ನು ಕಾಯದೆ ಮನೆಗಳಲ್ಲೇ ಕೂತು ಬೈಬಲ್ ಓದುವವರು. ಸ್ವೀಡನ್ನಿನಲ್ಲಿ ಆಗ ಅದು ಅಪರಾಧ. ಪಾದ್ರಿ ಇಲ್ಲದೆ ಮನೆಯಲ್ಲಿ ಧರ್ಮದ ಕೂಟ ಸೇರಬಾರದು ಅಂತ 1726ರಲ್ಲೇ ಕಾನೂನು ಬಂದಿತ್ತು, 1858ರವರೆಗೂ ಇತ್ತು. ಯಾನ್ಸನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ನಿಜವಾದ ನಂಬಿಕೆ ಇದ್ದವನಿಗೆ ಪಾಪವೇ ಇರುವುದಿಲ್ಲ ಅಂದ. ಬೈಬಲ್ ಒಂದು ಸಾಕು, ಅಲ್ಲಿನ ಚರ್ಚು ಪಾಲಿಸುತ್ತಿದ್ದ ಲೂಥರ್ ಬರೆದದ್ದೂ ಬೇಡ ಅಂದ. 1844ರಲ್ಲಿ ಅವನ ಅನುಯಾಯಿಗಳು ಆ ಪುಸ್ತಕಗಳನ್ನೆಲ್ಲ ರಾಶಿ ಹಾಕಿ ಸುಟ್ಟರು. ಸರ್ಕಾರ ಸುಮ್ಮನಿರುತ್ತದಾ? ಬಂಧನ, ವಿಚಾರಣೆ, ಮತ್ತೆ ಬಂಧನ. ಕೊನೆಗೆ ತಪ್ಪಿಸಿಕೊಂಡು ನಾರ್ವೆ ಹಾದು 1846ರಲ್ಲಿ ಅಮೆರಿಕಕ್ಕೆ ಬಂದ. ಅವನ ಹಿಂದೆ ಸಾವಿರಕ್ಕೂ ಹೆಚ್ಚು ಜನ, ಮನೆ ಜಮೀನು ಮಾರಿ, ದುಡ್ಡನ್ನೆಲ್ಲ ಒಂದೇ ಗಂಟಿಗೆ ಹಾಕಿ, ಯೆವ್ಲೆ ಬಂದರಿನಿಂದ ಹಡಗು ಹತ್ತಿ ಬಂದರು. ಪಕ್ಕದ ಪಟ್ಟಣ ಗಾಲ್ವಾಗೆ ಆ ಬಂದರಿನ ಹೆಸರೇ. ಶಿಕಾಗೋದಿಂದ ಇಲ್ಲಿಗೆ ಸುಮಾರು 160 ಮೈಲಿ, ಹೆಚ್ಚಿನವರು ನಡೆದೇ ಬಂದರಂತೆ. ಆ ದೂರ ಕಾರಿನಲ್ಲಿ ಬರುವಾಗಲೇ ನಾನು ಎರಡು ಸಲ ಕಾಫಿಗೆ ನಿಲ್ಲಿಸುತ್ತೇನೆ.

ಈಗ ನೋಡಬೇಕಾದ ಜಾಗ. ಕಾಲೊನಿ ಚರ್ಚಿನಿಂದ ಶುರು ಮಾಡಿ (ಇವರು ಒಟ್ಟಿಗೆ ಕಟ್ಟಿಕೊಂಡ ಊರನ್ನೇ ಕಾಲೊನಿ ಅನ್ನುವುದು). 1848ರಲ್ಲಿ ಕಟ್ಟಿದ್ದು, ಬಿಳಿ ಬಣ್ಣ, ಹೊರಗಿನಿಂದ ಚರ್ಚ್ ಥರವೇ ಇಲ್ಲ, ಹಳೇ ಛತ್ರದ ಥರ ಇದೆ. ಒಳಗೂ ಛತ್ರವೇ. ಪ್ರಾರ್ಥನೆಯ ಹಾಲ್ ಮೇಲಿನ ಮಹಡಿಯಲ್ಲಿ. ಕೆಳಗೆಲ್ಲ ಕೋಣೆಗಳು, ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ. ಅಡುಗೆ ಬೇರೆ ಕಡೆ, ಊಟ ಎಲ್ಲರೂ ಒಟ್ಟಿಗೆ, ಆಸ್ತಿ ಯಾರ ಹೆಸರಿನಲ್ಲೂ ಇಲ್ಲ. ಕೋಣೆಗಳಲ್ಲಿ ಈಗ ಅವರ ಸಾಮಾನು, ಉಪಕರಣ ಇಟ್ಟಿದ್ದಾರೆ. ನಾನು ಸಾಮಾನಿಗಿಂತ ಕೋಣೆಯನ್ನೇ ಜಾಸ್ತಿ ಹೊತ್ತು ನೋಡಿದೆ. ಈ ಗೋಡೆಯಿಂದ ಆ ಗೋಡೆಗೆ ಕೆಲವೇ ಹೆಜ್ಜೆ. ಅಷ್ಟರಲ್ಲಿ ಗಂಡ, ಹೆಂಡತಿ, ಮಕ್ಕಳು, ಇಲಿನಾಯ್ ಚಳಿ.

ಆದರೂ ಇದು ಅವರಿಗೆ ಅರಮನೆ. ಯಾಕೆಂದರೆ ಮೊದಲ ಚಳಿಗಾಲ, 1846-47, ಹಳ್ಳದ ದಂಡೆಯ ಮಣ್ಣು ಕೊರೆದು ಮಾಡಿದ ಗುಂಡಿಗಳಲ್ಲಿ ಕಳೆದಿದ್ದರು. ಹಿಟ್ಟು ಬೀಸಲು ಗಿರಣಿ ಇಲ್ಲ, ತಿನ್ನಲು ಸರಿಯಾಗಿ ಇಲ್ಲ, ಆದರೂ ದಿನಕ್ಕೆ ಎರಡು ಸಲ ಪ್ರಾರ್ಥನೆ ತಪ್ಪುವ ಹಾಗಿಲ್ಲ. ಆ ಒಂದು ಚಳಿಗಾಲದಲ್ಲಿ 96 ಜನ ಸತ್ತರು. 1849ರಲ್ಲಿ ಕಾಲರಾ ಬಂತು, ಇನ್ನೂ 143 ಜನ. ಯಾನ್ಸನ್‌ನ ಹೆಂಡತಿಯೂ ಅದರಲ್ಲೇ ಹೋದಳು. ಪಾಪವಿಲ್ಲದವರಿಗೆ ಕಾಯಿಲೆ ಯಾಕೆ ಬಂತು ಅಂತ ಯಾರಾದರೂ ಕೇಳಿರಬೇಕಲ್ಲ? ಮೆಟ್ಟಿಲು ಹತ್ತುವಾಗ ಇದೇ ತಲೆಯಲ್ಲಿ ಓಡುತ್ತಿತ್ತು.

ಮೆಟ್ಟಿಲ ವಿಷಯಕ್ಕೆ ಬಂದೆ. ಮಂಡಿ ನೋವಿನವರನ್ನು ಕರೆದುಕೊಂಡು ಹೋಗುವವರು ಗಮನಿಸಿ. ಅವ್ವ ಪಕ್ಕದ ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ನಿಂತು ನಿಂತು ಹತ್ತಿದರು. ಹತ್ತಿದ್ದಕ್ಕೆ ಮೋಸವಿಲ್ಲ. ಮೇಲೆ ಹಾಲ್ ತುಂಬ ಬೆಳಕು, ಕಪ್ಪು ವಾಲ್ನಟ್ ಮರದ ಬೆಂಚುಗಳು, ಎಲ್ಲ ಅವರೇ ಮಾಡಿದ್ದು. ನಡುವೆ ಒಂದು ಮರದ ಅಡ್ಡ, ಆ ಕಡೆ ಗಂಡಸರು ಈ ಕಡೆ ಹೆಂಗಸರು. ಶಿಲುಬೆ, ಬಣ್ಣದ ಗಾಜು, ಮೂರ್ತಿ, ಏನೂ ಇಲ್ಲ. ಅವ್ವ ಬೆಂಚಿನ ತುದಿ ಸವರಿ, "ಮರ ಚೆಂದಾಗದೆ, ದೇವ್ರೆಲ್ಲಿ?" ಅಂದರು. ಮಾತಿನಲ್ಲೇ ಅಂತ ಹೇಳಿದೆ.

ಅಲ್ಲಿಂದ ಸ್ಟೀಪಲ್ ಬಿಲ್ಡಿಂಗ್. 1854ರದ್ದು, ಮೂರು ಅಂತಸ್ತು, ಮುಂದೆ ದಪ್ಪ ಕಂಬ, ಮೇಲೆ ಗೋಪುರ. ಗೋಪುರದ ಗಡಿಯಾರಕ್ಕೆ ಗಂಟೆಯ ಮುಳ್ಳು ಮಾತ್ರ, ನಿಮಿಷದ ಮುಳ್ಳೇ ಇಲ್ಲ. ಕೆಟ್ಟು ಹೋಗಿದ್ದಲ್ಲ, ಮಾಡಿದ್ದೇ ಹಾಗೆ. ನನಗೆ ಸೋಜಿಗ, ಅವ್ವನಿಗೆ ಏನೂ ಅನಿಸಲಿಲ್ಲ. ಹೊಲದ ಕೆಲಸಕ್ಕೆ ನಿಮಿಷ ಯಾಕೆ ಬೇಕು ಅಂದರು. ಒಳಗೆ ಊರಿನ ಸಂಘದವರ ಮ್ಯೂಸಿಯಂ ಇದೆ, ಹಳೇ ಬಟ್ಟೆ, ಪೀಠೋಪಕರಣ, ಫೋಟೋ. ಫೋಟೋದಲ್ಲಿ ಒಂದನ್ನು ಹುಡುಕಿ ನೋಡಿ: 'ಬಿಗ್ ಬ್ರಿಕ್' ಎಂಬ ಕಟ್ಟಡ. ನಾಲ್ಕು ಅಂತಸ್ತು, 200 ಅಡಿ ಉದ್ದ, ತೊಂಬತ್ತಕ್ಕೂ ಹೆಚ್ಚು ಕೋಣೆ, ಇಡೀ ಕಾಲೊನಿ ಒಟ್ಟಿಗೆ ಕೂತು ಉಣ್ಣುವ ಹಾಲ್. ಇಟ್ಟಿಗೆಯೂ ಅವರೇ ಸುಟ್ಟಿದ್ದು. 1928ರಲ್ಲಿ ಬೆಂಕಿ ಬಿದ್ದು ಹೋಯಿತು. ಹೊರಗೆ ಬಂದರೆ ಆ ಜಾಗದಲ್ಲಿ ಬರೀ ಹುಲ್ಲು. ನಾವು ಆ ಹುಲ್ಲಿನ ಮೇಲೆ ಉದ್ದಕ್ಕೆ ನಡೆದು ನೋಡಿದೆವು, 200 ಅಡಿ ಅಂದರೆ ಎಷ್ಟು ಅಂತ. ಅಷ್ಟು ಉದ್ದದ ಪಂಕ್ತಿ ಅವ್ವ ನಮ್ಮ ಕಡೆಯ ಮಾರಿಹಬ್ಬದಲ್ಲಿ ಮಾತ್ರ ನೋಡಿದ್ದಾರಂತೆ. ಇಲ್ಲಿ ದಿನಾ ಮೂರು ಹೊತ್ತು.

ಊಟದ ಮಾತು ಬಂದಿದ್ದಕ್ಕೆ: ಊರಿನಲ್ಲಿ ಸ್ವೀಡಿಷ್ ಊಟ ಕೊಡುವ ಜಾಗಗಳಿವೆ. ಬಟಾಣಿ ಸೂಪು, ರೈ ಬ್ರೆಡ್ಡು, ಮಾಂಸದ ಉಂಡೆ, ಲಿಂಗನ್‌ಬೆರಿ ಅಂತ ಒಂದು ಹುಳಿ ಹಣ್ಣಿನ ಜಾಮ್. ನಾವು ಹೋದ ಒಂದು ಕಡೆ ಅರ್ಧ ಗಂಟೆ ಕಾಯಿಸಿ, ಸೂಪ್ ಮುಗಿದಿದೆ ಅಂದರು. ಮಾಂಸದ ಉಂಡೆಯಲ್ಲಿ ಸಾಮಾನ್ಯವಾಗಿ ದನದ್ದೂ ಹಂದಿಯದ್ದೂ ಸೇರಿರುತ್ತದೆ, ಬಟಾಣಿ ಸೂಪಿನಲ್ಲೂ ಹಂದಿ ಇರಬಹುದು. ತಿನ್ನದವರು ಬಾಯಿ ಬಿಟ್ಟು ಕೇಳಿ. ನಾವು ಬ್ರೆಡ್ಡು, ಜಾಮ್, ಕಾಫಿ ತಗೊಂಡೆವು. ಬ್ರೆಡ್ಡು ಸಿಹಿಸಿಹಿ, ಸೋಂಪಿನ ಘಮ, ಚೆನ್ನಾಗಿತ್ತು. ಜಾಮ್ ಅವ್ವನಿಗೆ ಬಹಳ ಹಿಡಿಸಿತು, ಕಾರೆ ಹಣ್ಣೋ ಕವಳೆ ಹಣ್ಣೋ ಅಂತ ಅರ್ಧ ಗಂಟೆ ಚರ್ಚೆ ಆಯಿತು. ಹೊಟ್ಟೆ ತುಂಬಿದ್ದು ಮಾತ್ರ ಕಾರಿನಲ್ಲಿದ್ದ ಪುಳಿಯೋಗರೆಯಿಂದ. ಪಾರ್ಕಿನಲ್ಲಿ ದೊಡ್ಡ ಮರಗಳಿವೆ, ಕೂತು ತಿನ್ನಬಹುದು.

ಈಗ ಅಸಲಿ ವಿಷಯ. ಸುಮಾರು ಜನ ಊರಿಗೆ ಬಂದ ಕೂಡಲೇ ಓಲಾಫ್ ಕ್ರಾನ್ಸ್ ಚಿತ್ರಗಳ ಕಟ್ಟಡಕ್ಕೆ ಹೋಗುತ್ತಾರೆ, ಹೊಸ ಕಟ್ಟಡ, ಒಳಗೆ ತಂಪು ಅಂತ. ದಯವಿಟ್ಟು ಅದನ್ನು ಕೊನೆಗೆ ಇಟ್ಟುಕೊಳ್ಳಿ. ಆ ಕೋಣೆಗಳನ್ನು, ಆ ಬೆಂಚುಗಳನ್ನು ನೋಡಿದ ಮೇಲೆ ಈ ಚಿತ್ರಗಳಲ್ಲಿರುವ ಮುಖಗಳು ಬೇರೆ ಥರ ಕಾಣುತ್ತವೆ.

ಕ್ರಾನ್ಸ್ 1838ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿ, 1850ರಲ್ಲಿ ಅಪ್ಪ ಅಮ್ಮನ ಜೊತೆ ಇಲ್ಲಿಗೆ ಬಂದ ಹುಡುಗ. ಎತ್ತು ಕಾಯುತ್ತಿದ್ದ. ದೊಡ್ಡವನಾದ ಮೇಲೆ ಮನೆಗಳಿಗೆ ಬಣ್ಣ ಬಳಿಯುವುದೇ ಕಸುಬು. ಕಲಾ ಶಾಲೆ ಗೀಲಾ ಶಾಲೆ ಏನೂ ಇಲ್ಲ. 1896ರಲ್ಲಿ ಕಾಲೊನಿಗೆ ಐವತ್ತು ವರ್ಷ ತುಂಬುವ ಹೊತ್ತಿಗೆ, ತನ್ನ ಐವತ್ತೆಂಟನೇ ವಯಸ್ಸಿನಲ್ಲಿ, ಚಿಕ್ಕಂದಿನಲ್ಲಿ ನೋಡಿದ್ದನ್ನು ನೆನಪಿನಿಂದ ಬರೆಯತೊಡಗಿದ. ಊರಿನ ಹಿರಿಯರ ಮುಖಗಳನ್ನು ಹಳೇ ಫೋಟೋ ನೋಡಿ ಬರೆದ. ಒಂದು ಗೋಡೆಯ ತುಂಬ ಮುಖಗಳು. ಒಬ್ಬರೂ ನಗುತ್ತಿಲ್ಲ. ಗಂಡಸರಿಗೆ ಉದ್ದ ಗಡ್ಡ, ಹೆಂಗಸರಿಗೆ ಕಪ್ಪು ಬಟ್ಟೆ, ಬಿಗಿದ ತುಟಿ. ಚಪ್ಪಟೆ ಚಪ್ಪಟೆ ಬರೆದಿದ್ದಾನೆ, ನೆರಳು ಬೆಳಕಿನ ಆಟ ಗೊತ್ತಿಲ್ಲ, ಆದರೆ ಆ ಕಣ್ಣುಗಳು ನಾವು ಎಲ್ಲಿ ಹೋದರೂ ನಮ್ಮನ್ನೇ ನೋಡುತ್ತವೆ.

ಕೆಲಸದ ಚಿತ್ರಗಳು ಬೇರೆ. ಹುಲ್ಲುಗಾವಲು ಉಳುವ ಚಿತ್ರ ಒಂದಿದೆ, ಒಂದೇ ನೇಗಿಲಿಗೆ ಎಷ್ಟೊಂದು ಜೊತೆ ಎತ್ತು! ಇಲ್ಲಿನ ಹುಲ್ಲಿನ ಬೇರು ಹಾಗೆ, ಮಣ್ಣು ಕಂಬಳಿ ಥರ ಹೆಣೆದುಕೊಂಡಿರುತ್ತದೆ. ಈಗ ಟ್ರ್ಯಾಕ್ಟರ್ ಕಂಪನಿಗೆ ಹೆಸರಾಗಿರುವ ಜಾನ್ ಡೀರ್ ಉಕ್ಕಿನ ನೇಗಿಲು ಮಾಡಿದ್ದು 1837ರಲ್ಲಿ, ಮೊಲೀನ್‌ಗೆ ಬಂದದ್ದು 1848ರಲ್ಲಿ, ಅಂದರೆ ಇವರು ಗುಂಡಿಯಿಂದ ಎದ್ದು ಚರ್ಚ್ ಕಟ್ಟಿದ ವರ್ಷ. ನಮ್ಮ ಮೊಲೀನ್‌ನಲ್ಲಿ ಟ್ರ್ಯಾಕ್ಟರ್ ಕೆಲಸಕ್ಕೆ ಬಂದ ಕನ್ನಡದ ಹುಡುಗರು ಇದ್ದೀರಲ್ಲ, ನೀವಾದರೂ ಆ ಚಿತ್ರ ನೋಡಬೇಕು. ಇನ್ನೊಂದರಲ್ಲಿ ಸೇತುವೆಗೆ ಮರದ ಕಂಬ ಹೊಡೆಯುತ್ತಿದ್ದಾರೆ, ಭಾರವಾದ ದಿಮ್ಮಿಯನ್ನು ಹಗ್ಗದಿಂದ ಮೇಲಕ್ಕೆ ಎಳೆಯುತ್ತಿರುವವರು ಸಾಲು ಹೆಂಗಸರು. ಕೊಯ್ಲಿನಲ್ಲಿ ಗಂಡಸರು ಕೊಯ್ಯುತ್ತಾರೆ, ಹಿಂದೆ ಹೆಂಗಸರು ಕಟ್ಟು ಕಟ್ಟುತ್ತಾರೆ.

ಮತ್ತೆ ಆ ಚಿತ್ರ: ಹೆಂಗಸರು ಜೋಳ ಬಿತ್ತುವುದು. ಅಮೆರಿಕದ ಜೋಳ, ನಮ್ಮ ಮುಸುಕಿನ ಜೋಳ. ಈ ತುದಿಗೊಬ್ಬ, ಆ ತುದಿಗೊಬ್ಬ ಗಂಡಸು ನಿಂತು ಹಗ್ಗ ಎಳೆದು ಹಿಡಿದಿದ್ದಾರೆ. ಹಗ್ಗದ ಉದ್ದಕ್ಕೂ ಹೆಂಗಸರು, ಇಪ್ಪತ್ತಕ್ಕೂ ಹೆಚ್ಚು, ಒಂದೇ ಥರದ ಬಟ್ಟೆ, ಒಂದೇ ಸಾಲು. ಅವ್ವ ಬೇರೆ ಚಿತ್ರಗಳ ಮುಂದೆ ಒಂದು ಸುತ್ತು ಹಾಕಿ ಬಂದವರು ಇದರ ಮುಂದೆ ನಿಂತರು.

"ನಾಟಿ ಹಾಕ್ತಾವ್ರೆ."

"ನಾಟಿ ಅಲ್ಲ ಕಣವ್ವ, ಜೋಳದ ಬಿತ್ತನೆ."

"ಎಂತದಾರ ಆಗ್ಲಿ. ಹಗ್ಗ ಹಿಡ್ದವ್ರೆ ನೋಡು. ಈ ಹಗ್ಗ ಹಿಡಿಯೋ ಗಂಡುಸ್ರಿಗೆ ಬೆನ್ನು ನೋಯಲ್ಲ."

ಅವ್ವ ಮಂಡ್ಯದ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಿನಲ್ಲಿ ಮದುವೆಗೆ ಮುಂಚಿನಿಂದ ನಾಟಿ ಹಾಕಿದವರು. ಹಗ್ಗ ಕಟ್ಟಿ ಸಾಲು ನಾಟಿ ಶುರುವಾದಾಗ ಹೇಗೆ ಬೈದುಕೊಂಡು ಮಾಡಿದೆವು, ಹಗ್ಗ ಎತ್ತುವವನು ಅವಸರ ಮಾಡಿದರೆ ಹೇಗೆ ಅವನ ಮೇಲೆ ಪದ ಕಟ್ಟಿ ಹಾಡುತ್ತಿದ್ದೆವು ಅಂತೆಲ್ಲ ಅಲ್ಲೇ ನಿಂತು ಹೇಳಿದರು. ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ಮೂವತ್ತೆಂಟು ವರ್ಷ ಇವರ ಮಗನಾಗಿದ್ದೇನೆ. ಅಲ್ಲಿದ್ದ ಸ್ವಯಂಸೇವಕಿ ಅಜ್ಜಿ ಏನು ಮಾತಾಡುತ್ತಿದ್ದೀರಿ ಅಂತ ಕೇಳಿದಾಗ ಅನುವಾದ ಮಾಡಿದೆ. ಅವರು ಅವ್ವನ ಪಕ್ಕ ಬಂದು ನಿಂತು, ತನ್ನ ಮುತ್ತಜ್ಜಿಯ ಕಡೆಯವರು ಇಲ್ಲಿಯವರೇ ಅಂದರು, ಸಾಲಿನಲ್ಲಿ ಯಾರು ಅಂತ ಮಾತ್ರ ಹೇಳಲಾಗುವುದಿಲ್ಲ ಅಂದರು. ನಿಜ, ಗೋಡೆಯ ಮೇಲಿನ ಮುಖಗಳಿಗೆ ಹೆಸರಿದೆ, ಸಾಲಿನಲ್ಲಿರುವವರಿಗೆ ಇಲ್ಲ.

ಇಲ್ಲೇ ನನ್ನ ಒಂದು ತಕರಾರು. ಈ ಕಾಲೊನಿ ಹೇಗಿತ್ತು ಅಂತ ನಾವು ಕಣ್ಣಿಂದ ನೋಡುವುದೆಲ್ಲ ಹೆಚ್ಚಾಗಿ ಕ್ರಾನ್ಸ್‌ನ ನೆನಪು. ಹನ್ನೆರಡು ವರ್ಷದ ಹುಡುಗ ನೋಡಿದ್ದನ್ನು ಅರವತ್ತರ ಹತ್ತಿರದವನು ಬರೆದದ್ದು. ಆಕಾಶ ಶುಭ್ರ, ಸಾಲು ನೆಟ್ಟಗೆ, ಯಾರಿಗೂ ಸುಸ್ತಿಲ್ಲ. ಗುಂಡಿಯಲ್ಲಿ ಸತ್ತ 96 ಜನ ಅವನು ಬರುವ ಮುಂಚೆಯೇ ಹೋಗಿದ್ದರು, ಅವರ ಚಿತ್ರ ಇಲ್ಲ. ಅದಕ್ಕೇ ಹೇಳಿದ್ದು, ಮೊದಲು ಕೋಣೆ ನೋಡಿ ಅಂತ.

ಯಾನ್ಸನ್ ಏನಾದ ಅಂತ ಹೇಳದೆ ಬಿಟ್ಟರೆ ನೀವು ಬೈಯುತ್ತೀರಿ. ಜಾನ್ ರೂಟ್ ಅಂತ ಒಬ್ಬ ಬಂದು, ಯಾನ್ಸನ್‌ನ ಸೋದರ ಸಂಬಂಧಿ ಲೊಟ್ಟಾಳನ್ನು ಮದುವೆಯಾದ. ಅವನು ಊರು ಬಿಟ್ಟರೂ ಅವಳು ಬಿಡಬೇಕಾಗಿಲ್ಲ ಅಂತ ಮೊದಲೇ ಒಪ್ಪಂದ. ಅವನಿಗೆ ಊರು ಬೇಡವಾಯಿತು, ಹೆಂಡತಿ ಬೇಕು. ಎಳೆದುಕೊಂಡು ಹೋದ, ಇವರು ವಾಪಸ್ ತಂದರು, ಅವನು ಗುಂಪು ಕಟ್ಟಿಕೊಂಡು ಬಂದ. ಕೊನೆಗೆ 1850ರ ಮೇ 13ರಂದು ಕೇಂಬ್ರಿಜ್ ಎಂಬ ಪಕ್ಕದ ಊರಿನ ಕೋರ್ಟಿನಲ್ಲಿ, ಮಧ್ಯಾಹ್ನದ ಬಿಡುವಿನಲ್ಲಿ, ಯಾನ್ಸನ್‌ಗೆ ಗುಂಡು ಹೊಡೆದ. ರೂಟ್‌ಗೆ ಆದದ್ದು ಎರಡು ವರ್ಷ ಜೈಲು. ಈ ಕಥೆಯನ್ನು ಎಲ್ಲರೂ ಸಿನಿಮಾ ಥರ ಹೇಳುತ್ತಾರೆ, ಆದರೆ ಲೊಟ್ಟಾಗೆ ಏನು ಬೇಕಿತ್ತು ಅಂತ ಯಾರೂ ಹೇಳುವುದಿಲ್ಲ. ಆಮೇಲೆ ಯೂನಾಸ್ ಓಲ್ಸನ್ ಮುಂದಾಳು, 1853ರಿಂದ ಏಳು ಜನ ಟ್ರಸ್ಟಿಗಳು. ಶೇಕರ್ ಎಂಬ ಇನ್ನೊಂದು ಪಂಥದವರನ್ನು ನೋಡಿ ಬಂದು, ಇನ್ನು ಮೇಲೆ ಮದುವೆ ಬೇಡ, ಬ್ರಹ್ಮಚರ್ಯ ಅಂದರು. 1857ರ ಆರ್ಥಿಕ ಕುಸಿತದಲ್ಲಿ ಸಾಲ ಕುತ್ತಿಗೆಗೆ ಬಂತು. 1861ಕ್ಕೆ ಆಸ್ತಿ ಹಂಚಿಕೊಂಡು ಬೇರೆ ಬೇರೆ ಆದರು. ಅಣ್ಣ ತಮ್ಮ ಪಾಲಾದ ಹಾಗೆಯೇ, ಕೋರ್ಟು ಕಚೇರಿಗೆ ಆಮೇಲೂ ವರ್ಷಗಟ್ಟಲೆ ಅಲೆದರು.

ಅಂಗಡಿಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮರದ ಕೆಂಪು ಕುದುರೆ ಗೊಂಬೆ, ಮೇಣದಬತ್ತಿ, ಮಗ್ಗದ ಬಟ್ಟೆ, ಬೆಲೆ ಜಾಸ್ತಿ. ಪೊರಕೆ ಮಾತ್ರ ನೋಡಿ. ಕಾಲೊನಿಯವರು ಅಗಸೆ ನಾರಿನ ಬಟ್ಟೆ ನೇಯ್ದು ಬದುಕಿದರು, ಆಮೇಲೆ ಪೊರಕೆಗೆ ಬಳಸುವ ಒಂದು ಜಾತಿಯ ಜೋಳ ಬೆಳೆದು ದುಡ್ಡು ನೋಡಿದರು. ಆ ಪೊರಕೆ ಕಟ್ಟುವುದನ್ನು ಈಗಲೂ ಹಬ್ಬದ ದಿನಗಳಲ್ಲಿ ಮಾಡಿ ತೋರಿಸುತ್ತಾರಂತೆ. ಅವ್ವ ಒಂದನ್ನು ಎತ್ತಿ, ಅಂಗಡಿಯ ನೆಲದ ಮೇಲೆ ಎರಡು ಸಲ ಗುಡಿಸಿ ನೋಡಿ, ಕಟ್ಟು ಬಿಗಿಯಾಗಿದೆ, ಮನೆ ಒಳಕ್ಕೆ ಆಗುತ್ತೆ ಅಂಗಳಕ್ಕೆ ಆಗಲ್ಲ ಅಂತ ತೀರ್ಪು ಕೊಟ್ಟರು. ಬೆಲೆ ರೂಪಾಯಿಗೆ ಲೆಕ್ಕ ಹಾಕಬೇಡ ಅಂದರೂ ಹಾಕಿದರು. ಆಮೇಲೆ ಕೆಳಗಿಟ್ಟರು.

ಮಕ್ಕಳಿದ್ದರೆ? ನನ್ನ ಮಗಳಿಗೆ ಏಳು ವರ್ಷ. ಚರ್ಚಿನಲ್ಲಿ ಹತ್ತು ನಿಮಿಷ ಚೆನ್ನಾಗಿದ್ದಳು, ಆಮೇಲೆ ಪಾರ್ಕೇ ಗತಿ. ಒತ್ತುವ ಗುಂಡಿ, ಪರದೆ, ಆಟ ಇರುವ ಮ್ಯೂಸಿಯಂ ಅಲ್ಲ ಇದು. ಮಕ್ಕಳ ಜೊತೆ ಹೋಗುವುದಾದರೆ ಹಬ್ಬದ ದಿನ ನೋಡಿಕೊಂಡು ಹೋಗಿ. ಜೂನ್‌ನಲ್ಲಿ ಮಿಡ್‌ಸೊಮರ್ ಎಂಬ ಬೇಸಿಗೆ ಹಬ್ಬ, ಸೆಪ್ಟೆಂಬರ್ ಕೊನೆಯಲ್ಲಿ ಸುಗ್ಗಿಯ ಥರದ್ದೊಂದು, ಡಿಸೆಂಬರ್‌ನಲ್ಲಿ ಕಿಟಕಿ ಕಿಟಕಿಗೂ ದೀಪ ಇಡುವ ಲೂಸಿಯಾ ರಾತ್ರಿ. ಆಗ ಜನ ಜಾಸ್ತಿ ಇರುತ್ತಾರೆ. ಚಿತ್ರಗಳನ್ನು ನಿಧಾನಕ್ಕೆ ನೋಡಬೇಕು ಅನ್ನುವವರು ಸಾಮಾನ್ಯ ವಾರಾಂತ್ಯಕ್ಕೆ ಬನ್ನಿ.

ಖರ್ಚು ಅಂತ ಹೆಚ್ಚಿಗೆ ಇಲ್ಲ, ಪ್ರವೇಶಕ್ಕೆ ದೇಣಿಗೆ ಡಬ್ಬಿ ಇದೆ, ಕೈ ಬಿಗಿ ಹಿಡಿಯಬೇಡಿ. ಕಾರು ಎಲ್ಲಿ ಬೇಕಾದರೂ ನಿಲ್ಲಿಸಬಹುದು. ದಾರಿ ಹೈವೇ 34ರಿಂದ ಒಳಗೆ ಎರಡು ಮೈಲಿ, ಫೋನ್ ಸಿಗ್ನಲ್ ನನ್ನದು ಅಲ್ಲಲ್ಲಿ ಹೋಯಿತು, ಮ್ಯಾಪ್ ಮುಂಚೆಯೇ ಇಳಿಸಿಕೊಳ್ಳಿ. ಮೂರು ಗಂಟೆ ಸಾಕು, ಅವ್ವನಂಥವರು ಜೊತೆಗಿದ್ದರೆ ಐದು.

ವಾಪಸ್ ಬರುವಾಗ ದಾರಿಯುದ್ದಕ್ಕೂ ಜೋಳದ ಹೊಲ. ಮಷಿನ್ ಬಿತ್ತಿದ ಸಾಲುಗಳು, ಒಂದು ಕೂದಲೆಳೆ ಆ ಕಡೆ ಈ ಕಡೆ ಇಲ್ಲ. ಅವ್ವ ಕಿಟಕಿಯಿಂದ ನೋಡುತ್ತಾ ಬಹಳ ಹೊತ್ತು ಸುಮ್ಮನಿದ್ದರು. ಗಾಲ್ವಾ ದಾಟಿದ ಮೇಲೆ, "ಆ ಪೊರ್ಕೆ ತಗೋಬೇಕಾಗಿತ್ತು ಕಣೋ" ಅಂದರು.